ಹಬ್ಬದ ಫೋಟೋ ಇದೆ, ಸೋಮವಾರದ್ದು ಎಲ್ಲಿ?

ಮನೆಯ ಹಳೇ ಆಲ್ಬಮ್ ತೆಗೆದು ನೋಡಿ. ಮದುವೆ, ನಾಮಕರಣ, ಗೃಹಪ್ರವೇಶ, ಗೌರಿ ಹಬ್ಬ, ಲಾಲ್‌ಬಾಗ್ ಗಾಜಿನ ಮನೆ ಮುಂದೆ ಎಲ್ಲರೂ ಸಾಲಾಗಿ ನಿಂತದ್ದು. ಎಲ್ಲರ ಮೈಮೇಲೂ ಒಳ್ಳೇ ಬಟ್ಟೆ. ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಈಗ ಬೇರೆ ಥರದ ಒಂದು ಫೋಟೋ ಹುಡುಕಿ. ಅಜ್ಜಿ ಈಳಿಗೆ ಮಣೆ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿರುವುದು. ಅಪ್ಪ ಬನಿಯನ್‌ನಲ್ಲೇ ಪೇಪರ್ ಓದುತ್ತಿರುವುದು. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವುದು. ಹೆಚ್ಚಿನ ಮನೆಗಳಲ್ಲಿ ಇಂಥದ್ದು ಒಂದೂ ಸಿಗುವುದಿಲ್ಲ.

ವರ್ಷಕ್ಕೆ 365 ದಿನ. ಆಲ್ಬಮ್‌ನಲ್ಲಿರುವುದು ಅದರಲ್ಲಿ ಐದಾರು ದಿನ ಮಾತ್ರ. ಉಳಿದದ್ದೆಲ್ಲ ನೆನಪಿನಲ್ಲಿ ಇದೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲ. ಯಾಕಿಲ್ಲ ಅನ್ನುವುದು ಅರ್ಥವಾದರೆ, ಯಾವ ಫೋಟೋ ತೆಗೆಯಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ.

ನೆನಪು ಏನನ್ನು ಬಿಟ್ಟುಬಿಡುತ್ತದೆ?

ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವರನ್ನು ಕೇಳಿ ನೋಡಿ. 2000ದ ಜುಲೈ ಕೊನೆಯಲ್ಲಿ ಡಾ. ರಾಜ್‌ಕುಮಾರ್ ಅಪಹರಣದ ಸುದ್ದಿ ಬಂದಾಗ ತಾವು ಎಲ್ಲಿದ್ದೆವು, ಮನೆಗೆ ಹೇಗೆ ಬಂದೆವು ಅಂತ ವಿವರವಾಗಿ ಹೇಳುತ್ತಾರೆ. ಅದಕ್ಕೆ ಹಿಂದಿನ ವಾರ ಬಸ್ಸಿನಲ್ಲಿ ಪಕ್ಕ ಕೂತವರು ಯಾರು, ಏನು ಮಾತಾಡಿದಿರಿ ಅಂದರೆ ನಗುತ್ತಾರೆ.

ಇದು ಮರೆವಿನ ಕಾಯಿಲೆ ಅಲ್ಲ. ಮಿದುಳು ಕೆಲಸ ಮಾಡುವುದೇ ಹೀಗೆ. ಒಂದೇ ಥರದ ಘಟನೆ ಮತ್ತೆ ಮತ್ತೆ ನಡೆದಾಗ ಅದು ಪ್ರತಿಯೊಂದನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದೇ ನೆನಪು ಮಾಡಿಬಿಡುತ್ತದೆ. ರುಬ್ಬಿದ ಮೇಲೆ ಹಿಟ್ಟಿನಲ್ಲಿ ಅಕ್ಕಿ ಯಾವುದು, ಉದ್ದು ಯಾವುದು ಅಂತ ಆರಿಸಲು ಆಗುವುದಿಲ್ಲವಲ್ಲ, ಹಾಗೆ. ಸ್ಕೂಲಿಗೆ ಹೊರಡುವಾಗ ಅಮ್ಮ ದಿನಾ ಜಡೆ ಹಾಕುತ್ತಿದ್ದರು ಅನ್ನುವುದು ನೆನಪಿರುತ್ತದೆ. ಜಡೆ ಹಾಕಿದ ಯಾವ ಒಂದು ದಿನವೂ ನೆನಪಿರುವುದಿಲ್ಲ. ಅವತ್ತು ಅಮ್ಮ ಉಟ್ಟಿದ್ದ ಸೀರೆ, ಹಿಂದೆ ರೇಡಿಯೋದಲ್ಲಿ ಬರುತ್ತಿದ್ದದ್ದು, ಕಿಟಕಿ ಮೇಲಿದ್ದ ಎಣ್ಣೆ ಶೀಶೆ ಎಲ್ಲ ಹೋಗಿರುತ್ತದೆ.

ನಿಧಾನವಾಗಿ ಆಗುವ ಬದಲಾವಣೆಯ ಕಥೆಯೂ ಇದೇ. ಮಗು ದಿನಾ ಕಣ್ಣೆದುರೇ ಇರುತ್ತದೆ, ಹಾಗಾಗಿ ಬೆಳೆದದ್ದು ಕಾಣುವುದಿಲ್ಲ. ಅಪ್ಪನ ಈಗಿನ ಮುಖ ಹತ್ತು ವರ್ಷದ ಹಿಂದಿನ ಮುಖದ ಮೇಲೆ ಬಂದು ಕೂತುಬಿಟ್ಟಿರುತ್ತದೆ. ಹಳೇ ಫೋಟೋ ನೋಡಿದಾಗ 'ಅಯ್ಯೋ, ಇಷ್ಟು ಕೂದಲಿತ್ತಾ!' ಅಂತ ನಾವು ಬೆಚ್ಚುವುದು ಇದಕ್ಕೇ.

ಹಾಗಾದರೆ ಸುಮ್ನೆ ಲೆಕ್ಕ ಹಾಕಿ. ಮದುವೆ ದಿನ ಫೋಟೋ ಇಲ್ಲದಿದ್ದರೂ ನೆನಪಿರುತ್ತದೆ. ಮಂಗಳವಾರದ ತಿಂಡಿ ಹೊತ್ತು ನೆನಪಿರುವುದಿಲ್ಲ. ಫೋಟೋದ ಉಪಯೋಗ ಎಲ್ಲಿ ಜಾಸ್ತಿ? ಆದರೆ ನಾವು ಮಾಡುವುದು ಉಲ್ಟಾ. ತಾನಾಗಿಯೇ ಉಳಿಯುವುದಕ್ಕೆ ಆಳು ಕರೆಸಿ, ಡ್ರೋನ್ ಹಾರಿಸಿ ಫೋಟೋ ತೆಗೆಸುತ್ತೇವೆ. ಹೋಗಿಬಿಡುವುದನ್ನು ಹಾಗೇ ಬಿಡುತ್ತೇವೆ.

'ಇದರಲ್ಲೇನಿದೆ' ಅನ್ನಿಸುವುದು ಯಾಕೆ?

ಮಾಮೂಲಿ ಕ್ಷಣ ಮುಂದೆ ಬೆಲೆಬಾಳುತ್ತದೆ ಅಂತ ಅವತ್ತೇ ಗೊತ್ತಾಗುವುದಿಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಟಿಂಗ್ ಝಾಂಗ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಂದ ಸಾದಾ ವಿಷಯಗಳನ್ನೇ ಬರೆಸಿಟ್ಟರು. ಇತ್ತೀಚೆಗೆ ನಡೆದ ಒಂದು ಮಾತುಕತೆ, ಈಚೆಗೆ ಕೇಳುತ್ತಿರುವ ಹಾಡು, ಇಂಥವು. ಮೂರು ತಿಂಗಳ ಮೇಲೆ ಇದನ್ನು ಓದಲು ಎಷ್ಟು ಕುತೂಹಲ ಇರಬಹುದು ಅಂತ ಆಗಲೇ ಅಂದಾಜು ಕೇಳಿದರು. ಮೂರು ತಿಂಗಳ ನಂತರ ನಿಜವಾಗಿ ಓದಿಸಿದಾಗ ಕುತೂಹಲವೂ ಖುಷಿಯೂ ಅವರ ಅಂದಾಜಿಗಿಂತ ಜಾಸ್ತಿ ಇದ್ದವು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಭಾಗ. ಅದೇ ತಂಡ ಪ್ರೇಮಿಗಳ ದಿನದ ಅನುಭವವನ್ನೂ, ಒಂದು ಮಾಮೂಲಿ ದಿನದ ಅನುಭವವನ್ನೂ ಹೋಲಿಸಿ ನೋಡಿತು. ವಿಶೇಷ ದಿನದ ಬಗ್ಗೆ ಜನರ ಅಂದಾಜು ಅಷ್ಟೇನೂ ತಪ್ಪಿರಲಿಲ್ಲ. ಮಾಮೂಲಿ ದಿನದ ಬಗ್ಗೆಯೇ ತಪ್ಪಿತ್ತು. ಇವು ಬರಹದ ಮೇಲಿನ ಪ್ರಯೋಗಗಳು, ಫೋಟೋದ ಮೇಲಿನವಲ್ಲ. ಆದರೂ 'ಇದನ್ನೇನು ತೆಗೆಯೋದು, ದಿನಾ ಇದ್ದದ್ದೇ ಅಲ್ವಾ' ಅನ್ನುವ ನಮ್ಮ ಮಾತಿನ ಬುಡ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ದಿನಾ ಇದ್ದದ್ದು ಒಂದು ದಿನ ನಿಂತುಹೋಗುತ್ತದೆ. ನಿಲ್ಲುವ ದಿನ ಯಾರೂ ಹೇಳಿ ಹೋಗುವುದಿಲ್ಲ. ಮಗುವನ್ನು ಕೊನೇ ಸಲ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದು ಯಾವತ್ತು ಅಂತ ಯಾವ ತಂದೆಗೆ ಗೊತ್ತಿದೆ?

ಇನ್ನೊಂದು ಕಾರಣ ದುಡ್ಡು. ಫೋಟೋಗ್ರಫಿ ಲೋಕಕ್ಕೆ ತಿಳಿದದ್ದು 1839ರಲ್ಲಿ. ಶುರುವಿನಲ್ಲಿ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. 1888ರಲ್ಲಿ ಕೊಡಾಕ್ ಕ್ಯಾಮೆರಾ, 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿ ಬಂದ ಮೇಲೆ ಅಮೆರಿಕದ ಸಾಮಾನ್ಯರ ಮನೆಗೂ ಕ್ಯಾಮೆರಾ ಬಂತು. ನಮ್ಮಲ್ಲಿ ಅದು ತುಂಬ ತಡ. ಬೆಂಗಳೂರಿನಲ್ಲಿ ಫೋಟೋ ಅಂದರೆ ಸ್ಟುಡಿಯೋಗೆ ಹೋಗುವುದು ಅಂತಲೇ ಎಷ್ಟೋ ಕಾಲ ಇತ್ತು. ಎಂ.ಜಿ. ರಸ್ತೆಯ ಜಿ.ಕೆ. ವೇಲ್ ಹೆಸರು ಕೇಳದ ಹಳೇ ಬೆಂಗಳೂರಿಗರು ಕಡಿಮೆ. ಆಮೇಲೆ ಕೆಲವರ ಮನೆಗೆ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಬಂತು. ಒಂದು ರೋಲಿಗೆ 12 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಹಾಕಿ ತೆಗೆದವರೂ ಇದ್ದಾರೆ. ಮುಂದೆ 36 ಚಿತ್ರದ ರೋಲ್ ಬಂದರೂ ರೋಲಿಗೆ ಬೇರೆ ದುಡ್ಡು, ತೊಳೆಸಲು ಬೇರೆ, ಪ್ರಿಂಟಿಗೆ ಬೇರೆ. ಯುಗಾದಿಗೆ ಹಾಕಿದ ರೋಲು ದಸರಾದವರೆಗೂ ಮುಗಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹುರುಳಿಕಾಯಿ ಹೆಚ್ಚುವುದರ ಫೋಟೋ ತೆಗೆದರೆ ಮನೆಯಲ್ಲಿ ಬೈಸಿಕೊಳ್ಳಬೇಕಿತ್ತು. ಈಗ ಒಂದು ಫೋಟೋಗೆ ಬೀಳುವ ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ. ರೋಲು ಹೋಯಿತು, ರೋಲಿನ ಕಾಲದ ಲೆಕ್ಕಾಚಾರ ಹೋಗಲಿಲ್ಲ.

ಅದೇ ಕಾಲದಲ್ಲಿ, ಅದೇ ದುಬಾರಿ ಫಿಲ್ಮ್‌ನಲ್ಲಿ, ಮಾಮೂಲಿ ಬದುಕನ್ನೇ ಹುಡುಕಿಕೊಂಡು ಹೋದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಪತ್ರಿಕಾ ಛಾಯಾಗ್ರಾಹಕರು. ದೊಡ್ಡವರ, ದೊಡ್ಡ ಘಟನೆಗಳ ಚಿತ್ರಗಳನ್ನೂ ತೆಗೆದರು. ಆದರೆ ಅವರ ಹೆಸರು ನಿಂತಿರುವುದು ಆಡುವ ಮಕ್ಕಳು, ಕೆಲಸ ಮಾಡುವ ಹೆಂಗಸರು, ಸುಮ್ಮನೆ ಕೂತ ಮುದುಕರ ಚಿತ್ರಗಳಿಂದ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ಯಾರೂ 'ಚೀಸ್' ಅಂದವರಲ್ಲ.

ಮುಖದ ಹಿಂದೆ ಇರುವುದು

ಹಳೇ ಫೋಟೋ ನೋಡುವಾಗ ಒಂದು ವಿಚಿತ್ರ ಗಮನಿಸಿ. ಮೊದಲು ಮುಖ ನೋಡುತ್ತೇವೆ. ಎರಡನೇ ಸಲ ನೋಡುವಾಗ ಕಣ್ಣು ಹಿಂದಕ್ಕೆ ಹೋಗುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆಯ ಕ್ಯಾಲೆಂಡರ್, ಎಚ್‌ಎಂಟಿ ಗಡಿಯಾರ, ಅಂಗಳದ ಸೀಬೆ ಮರ, ವಠಾರದ ನಲ್ಲಿ ಮುಂದೆ ಸಾಲಿಟ್ಟ ಪ್ಲಾಸ್ಟಿಕ್ ಕೊಡ. ತೆಗೆದವರು ಇದಾವುದನ್ನೂ ನೋಡಿರಲಿಲ್ಲ. ಈಗ ಎಲ್ಲರೂ ಅದನ್ನೇ ನೋಡುತ್ತೇವೆ.

ಬೆಂಗಳೂರಿನಂಥ ಊರಿನಲ್ಲಿ ಇದಕ್ಕೆ ಬೆಲೆ ಇನ್ನೂ ಜಾಸ್ತಿ. ಇಲ್ಲಿ ಮನೆ ಒಡೆದು ಕಟ್ಟುವುದು ದಿನದ ಸುದ್ದಿ. ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರ ಇದ್ದ ಜಾಗಕ್ಕೆ ಮೆಟ್ರೋ ಬಂತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಕಡೆಗೆ ಮೊದಲ ರೈಲು ಓಡಿದ ಮೇಲೆ ಆ ರಸ್ತೆಯ ಹಳೇ ನೋಟವೇ ಇಲ್ಲ. ನಿಮ್ಮ ಮನೆಯವರು ಐಸ್‌ಕ್ರೀಮ್ ಹಿಡಿದು ನಿಂತ ಹಳೇ ಫೋಟೋದ ಹಿಂದೆ ಆ ರಸ್ತೆ ಇರಬಹುದು.

ಹಿನ್ನೆಲೆ ನೋಡಿ ತಾರೀಖು ಇಲ್ಲದ ಫೋಟೋದ ಕಾಲವನ್ನೂ ಹಿಡಿಯಬಹುದು. ಸ್ಕೂಟರಿನ ನಂಬರ್ ಪ್ಲೇಟ್ ಕೆಎ ಅಂತ ಶುರುವಾದರೆ ಫೋಟೋ 1989ಕ್ಕಿಂತ ಹಳೆಯದಲ್ಲ. ಅದಕ್ಕೆ ಮೊದಲು ಮೂರು ಅಕ್ಷರದ ನಂಬರ್‌ಗಳಿದ್ದವು. ಬಸ್ಸಿನ ಮೇಲೆ ಬಿಎಂಟಿಸಿ ಅಂತಿದ್ದರೆ 1997ರ ಆಗಸ್ಟ್ ನಂತರದ್ದು, ಅಲ್ಲಿಯವರೆಗೆ ನಗರ ಸಾರಿಗೆಯ ಹೆಸರು ಬಿಟಿಎಸ್. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳೂ, ಭಾನುವಾರ ಯಾವ ತಾರೀಖಿಗೆ ಬಂದಿದೆ ಅನ್ನುವುದೂ ಕಂಡರೆ ಯಾವ ಯಾವ ವರ್ಷ ಇರಬಹುದು ಅಂತ ಲೆಕ್ಕ ಹಾಕಬಹುದು. ಮಳೆಗಾಲದ ಸಂಜೆಗೆ ಒಳ್ಳೇ ಪತ್ತೇದಾರಿ ಕೆಲಸ.

ಹಾಗಾಗಿ ಫೋಟೋ ತೆಗೆಯುವಾಗ ಒಂದು ಚಿತ್ರ ಹತ್ತಿರದಿಂದ, ಇನ್ನೊಂದು ಎರಡು ಹೆಜ್ಜೆ ಹಿಂದೆ ಸರಿದು. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನೋಡಲು ಚೆಂದ, ಆದರೆ ಅದು ಮಸುಕು ಮಾಡುವುದು ನಾಳೆ ನೀವು ಹುಡುಕುವುದನ್ನೇ. ಶೂ ಸ್ಟ್ಯಾಂಡ್, ಫ್ರಿಜ್ ಮೇಲಿನ ಬಿಲ್ಲು, ತೆರೆದೇ ಇರುವ ಬೀರು ಯಾವುದನ್ನೂ ಸರಿ ಮಾಡಬೇಡಿ. ಬಟ್ಟೆ ಒಣಗಿಹಾಕಿದ ಬಾಲ್ಕನಿಯೂ ಇರಲಿ.

ಕ್ಯಾಮೆರಾ ನೆನಪನ್ನು ಕೆಡಿಸುತ್ತದಾ?

'ಫೋನ್ ಹಿಡಿದು ನಿಂತರೆ ಆ ಕ್ಷಣವೇ ಹೋಗುತ್ತದೆ' ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಒಂದು ಕಲಾ ಸಂಗ್ರಹಾಲಯದಲ್ಲಿ ಪ್ರಯೋಗ ಮಾಡಿದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿತ್ತು: ಫೋಟೋ ತೆಗೆದ ವಸ್ತುಗಳಿಗಿಂತ ಸುಮ್ಮನೆ ನೋಡಿದ ವಸ್ತುಗಳು ಜನರಿಗೆ ಚೆನ್ನಾಗಿ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಮನಸ್ಸು ಜವಾಬ್ದಾರಿ ಬಿಟ್ಟುಬಿಡುತ್ತದೆ. ಆದರೆ ಜೂಮ್ ಮಾಡಿ ಒಂದು ಭಾಗವನ್ನು ಮಾತ್ರ ತೆಗೆದವರ ನೆನಪು ಹೀಗೆ ಕುಂದಲಿಲ್ಲ.

2017ರಲ್ಲಿ ಪ್ರಕಟವಾದ, ಸಂಶೋಧಕಿ ಅಲಿಕ್ಸಾಂಡ್ರಾ ಬರಾಶ್ ಮತ್ತಿತರರ ಅಧ್ಯಯನ ಇನ್ನೂ ಸೂಕ್ಷ್ಮ. ತಮಗೆ ಬೇಕಾದದ್ದನ್ನು ತಾವೇ ಆರಿಸಿ ಫೋಟೋ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಅಂದರೆ ಕ್ಯಾಮೆರಾ ಗಮನವನ್ನು ಕಣ್ಣಿನ ಕಡೆಗೆ ಎಳೆಯುತ್ತದೆ, ಕಿವಿಯಿಂದ ಕದಿಯುತ್ತದೆ.

ಇವೆರಡನ್ನೂ ಒಟ್ಟಿಗೆ ಇಟ್ಟರೆ ಮನೆಗೆ ಬೇಕಾದ ಬುದ್ಧಿ ಸಿಗುತ್ತದೆ. ಏನು ತೆಗೆಯುತ್ತಿದ್ದೇನೆ ಅಂತ ನೋಡಿ ತೆಗೆಯಿರಿ. ಎರಡು ಮೂರು ಸಾಕು. ತೆಗೆದ ಕೂಡಲೇ ಫೋನ್ ಕೆಳಗಿಡಿ, ಸ್ಟೇಟಸ್‌ಗೆ ಹಾಕುವುದು ರಾತ್ರಿಗೆ ಇರಲಿ. ಮತ್ತು ದನಿಯನ್ನು ಬೇರೆಯಾಗಿ ಹಿಡಿಯಿರಿ. ದನಿಯ ವಿಷಯವನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಮನೆಗಳಲ್ಲಿ ಮುಖ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅಜ್ಜ ಫೋನ್ ಎತ್ತಿ 'ಹಲೋ, ಯಾರು' ಅಂತ ಗಟ್ಟಿಯಾಗಿ ಕೇಳುವ ರೀತಿ, ಅತ್ತೆ ಮಗುವನ್ನು ಮಲಗಿಸುವಾಗ ಗುನುಗುವುದು, ಸೊಪ್ಪಿನವಳ ಜೊತೆ ಅಮ್ಮನ ಚೌಕಾಸಿ. ಅರ್ಧ ನಿಮಿಷದ ವಿಡಿಯೋ ಸಾಕು. ಭಾಷಣ ಮಾಡಿಸಬೇಡಿ, ಏನಾದರೂ ಕೆಲಸ ಮಾಡುತ್ತಿರುವಾಗ ಮಾತಾಡಿಸಿ.

ಮಕ್ಕಳ ಮಾತು ಬೇರೆ

ಹೆಚ್ಚಿನವರಿಗೆ ಮೂರು, ಮೂರೂವರೆ ವಯಸ್ಸಿಗಿಂತ ಹಿಂದಿನದು ನೆನಪಿರುವುದಿಲ್ಲ. ಅಲ್ಲಿಯವರೆಗಿನ ಬದುಕು ಮಗುವಿಗೆ ಸಿಗುವುದು ದೊಡ್ಡವರ ಮಾತಿನಿಂದ ಮತ್ತು ಫೋಟೋದಿಂದ. ಮಕ್ಕಳ ಜೊತೆ ಆದದ್ದನ್ನು ವಿವರವಾಗಿ, ಪ್ರಶ್ನೆ ಕೇಳುತ್ತ ನೆನಪಿಸಿಕೊಳ್ಳುವ ಅಪ್ಪ ಅಮ್ಮಂದಿರ ಮಕ್ಕಳು ಮುಂದೆ ತಮ್ಮ ಬದುಕಿನ ಕಥೆಯನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ. ಅಮೆರಿಕದ ರಾಬಿನ್ ಫೈವುಶ್ ಮೊದಲಾದ ಮನಶ್ಶಾಸ್ತ್ರಜ್ಞರು ಈ ಕುರಿತು ದಶಕಗಳಿಂದ ಕೆಲಸ ಮಾಡಿದ್ದಾರೆ. ಫೋಟೋ ಇಲ್ಲಿ ಮಾತಿಗೆ ನೆಪ. 'ಇದು ನೋಡು, ಗಾಂಧಿ ಬಜಾರಿನಲ್ಲಿ ಹೂವು ತಗೊಳ್ಳುವಾಗ ನೀನು ಯಾಕೆ ಅತ್ತಿದ್ದೆ ಗೊತ್ತಾ?' ಅಂತ ಶುರು ಮಾಡಿದರೆ ಆಯಿತು. ಫೋನಿನಲ್ಲೇ ಬಿದ್ದಿರುವ ಫೋಟೋ ಈ ಕೆಲಸ ಮಾಡುವುದಿಲ್ಲ.

ಆದರೆ ಒಂದು ಎಚ್ಚರ. ಫೋಟೋ ನೆನಪನ್ನು ಕಾಯುವುದಷ್ಟೇ ಅಲ್ಲ, ಹುಟ್ಟಿಸಲೂ ಬಲ್ಲದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರ ಬಾಲ್ಯದ ನಿಜವಾದ ಫೋಟೋಗಳ ಜೊತೆ, ಬಿಸಿಗಾಳಿ ಬಲೂನಿನಲ್ಲಿ ಹಾರಿದಂತೆ ಕೂಡಿಸಿದ ಒಂದು ಸುಳ್ಳು ಫೋಟೋ ತೋರಿಸಿದರು. ಹಾರಿದ್ದು ಯಾರೂ ಇಲ್ಲ. ಮೂರು ಸಂದರ್ಶನ ಮುಗಿಯುವಷ್ಟರಲ್ಲಿ ಅರ್ಧ ಜನ ಆ ಹಾರಾಟವನ್ನು ಪೂರ್ತಿಯಾಗಿಯೋ ಅಷ್ಟಿಷ್ಟೋ 'ನೆನಪಿಸಿಕೊಂಡರು'. ಕಣ್ಣು ಮುಚ್ಚಿದವರನ್ನು ಕಣ್ಣು ತೆರೆದವರನ್ನಾಗಿ ಮಾಡುವ, ಹಿಂದಿರುವವರನ್ನು ಅಳಿಸಿಹಾಕುವ ಸೌಲಭ್ಯ ಈಗ ಎಲ್ಲರ ಫೋನಿನಲ್ಲೂ ಇದೆ. ಅಲಂಕಾರ ಮಾಡಿದ ಪ್ರತಿ ಬೇಕಿದ್ದರೆ ಇರಲಿ, ಮೂಲ ಫೋಟೋವನ್ನು ಮಾತ್ರ ಅಳಿಸಬೇಡಿ. ಬರೀ ನಗುವ ಫೋಟೋ ಇಟ್ಟುಕೊಂಡರೂ ಆ ಬಾಲ್ಯ ಅರ್ಧ ಸುಳ್ಳೇ. ಹೋಂವರ್ಕ್ ಮುಂದೆ ಮುಖ ಊದಿಸಿಕೊಂಡ ಮಗಳ ಚಿತ್ರವೂ ಇರಲಿ.

ಯಾರು ಕಾಣೆಯಾಗಿದ್ದಾರೆ?

ಪ್ರತಿ ಮನೆಯ ಫೋಟೋಗಳಲ್ಲೂ ಒಬ್ಬರು ಇರುವುದಿಲ್ಲ. ಫೋಟೋ ತೆಗೆಯುವವರು. ಮೊದಲು ಅದು ಅಪ್ಪ ಅಥವಾ ಚಿಕ್ಕಪ್ಪ ಆಗಿರುತ್ತಿತ್ತು, ಈಗ ಎಷ್ಟೋ ಮನೆಯಲ್ಲಿ ಅಮ್ಮ. ಅಮ್ಮ ಇದ್ದರೂ ಊಟಕ್ಕೆ ಬಡಿಸಿ ಮುಗಿಸಿದ ಮೇಲೆ ಸೆರಗು ಸರಿ ಮಾಡಿಕೊಂಡು ನಿಂತದ್ದು ಒಂದೇ. ಮನೆಗೆಲಸಕ್ಕೆ ಬಂದು ಮಕ್ಕಳನ್ನು ಎತ್ತಿ ಆಡಿಸಿದವರಂತೂ ಯಾವ ಆಲ್ಬಮ್‌ನಲ್ಲೂ ಇಲ್ಲ. ಅವರನ್ನು ಕೇಳಿ, ಒಪ್ಪಿದರೆ ತೆಗೆದು, ಒಂದು ಪ್ರಿಂಟ್ ಅವರಿಗೂ ಕೊಡಿ. ಫೋನನ್ನು ಆಗಾಗ ಮಕ್ಕಳ ಕೈಗೆ ಕೊಡುವುದೂ ಒಳ್ಳೆಯದು. ಅವರ ಎತ್ತರದಿಂದ ಮನೆ ಬೇರೆ ಥರ ಕಾಣುತ್ತದೆ.

'ಬೇಡ ಕಣೋ, ನೈಟಿಯಲ್ಲಿದ್ದೀನಿ' ಅಂದರೆ ತೆಗೆಯಬೇಡಿ. ಅಷ್ಟೇ. ಕೈಗಳನ್ನು ಮಾತ್ರ ತೆಗೆಯಲೇ ಅಂತ ಕೇಳಬಹುದು. ಹೂವು ಕಟ್ಟುವ ಕೈ, ಚಪಾತಿ ಲಟ್ಟಿಸುವ ಕೈ, ಮಾತ್ರೆ ಡಬ್ಬಿ ತೆರೆಯುವ ಕೈ. ಇನ್ನು, ತೆಗೆಯುವುದು ಬೇರೆ, ಹಂಚುವುದು ಬೇರೆ. ಮಗು ಸ್ನಾನ ಮಾಡುವ ಚಿತ್ರ, ಸ್ಕೂಲಿನ ಹೆಸರಿರುವ ಸಮವಸ್ತ್ರದ ಚಿತ್ರ ಮನೆಯೊಳಗೆ ಇರಲಿ.

ಬೆಳಕಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಫ್ಲ್ಯಾಶ್ ಆರಿಸಿ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ಫ್ಲ್ಯಾಟುಗಳಲ್ಲಿ ಒಳ್ಳೇ ಬೆಳಕು ಸಾಮಾನ್ಯವಾಗಿ ಯುಟಿಲಿಟಿ, ಅಂದರೆ ಬಟ್ಟೆ ಪಾತ್ರೆ ತೊಳೆಯುವ ಜಾಗದ ಕಡೆಯಿಂದ ಬರುತ್ತದೆ.

ಉಳಿಸಿಕೊಳ್ಳುವ ಕೆಲಸ

ಇದೇ ಕಷ್ಟದ ಭಾಗ, ಯಾಕೆಂದರೆ ಬೇಜಾರಿನದು. ಮೊದಲನೆಯದಾಗಿ, ಫ್ಯಾಮಿಲಿ ಗ್ರೂಪಿನಲ್ಲಿ ಇದೆ ಅಂದರೆ ಉಳಿದಿದೆ ಅಂತ ಅರ್ಥ ಅಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಫೈಲಿನ ಒಳಗೆ ಬರೆದಿರುವ, ತೆಗೆದ ದಿನ ಮತ್ತು ಜಾಗದ ವಿವರವನ್ನೂ ಕಿತ್ತುಹಾಕುತ್ತದೆ. ಹಾಗಾಗಿ ಮೈಸೂರಿನ ಚಿಕ್ಕಮ್ಮ ಕಳಿಸಿದ ಹಳೇ ಫೋಟೋ ನಿಮ್ಮ ಗ್ಯಾಲರಿಯಲ್ಲಿ ಇವತ್ತಿನ ತಾರೀಖಿನಡಿ ಕೂರುತ್ತದೆ. ಮೂಲ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪ್ರಿಂಟಿಗೆ ಇದು ಮುಖ್ಯ: ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 4x6 ಇಂಚಿನ ಪ್ರಿಂಟಿಗೆ 1200x1800 ಪಿಕ್ಸೆಲ್ ಬೇಕು. ಕುಗ್ಗಿದ ಫೋಟೋ ಅಷ್ಟಕ್ಕೆ ಹೇಗೋ ಸಾಲುತ್ತದೆ, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಒಡೆಯುತ್ತದೆ.

ಪ್ರಿಂಟ್ ಹಾಕಿಸುವುದು ಹಳೇ ಕಾಲದ ಚಪಲ ಅಲ್ಲ. ಎಲ್ಲವನ್ನೂ ಹಾಕಿಸಬೇಡಿ. ವರ್ಷಕ್ಕೊಮ್ಮೆ ಕೂತು ಒಂದು ಸಣ್ಣ ಆಲ್ಬಮ್‌ಗೆ ಆಗುವಷ್ಟು ಆರಿಸಿ. ಆರಿಸುವ ಕೆಲಸವನ್ನು ಎಲ್ಲರೂ ಕೂತು ಮಾಡಿದರೆ ಅದೇ ಒಂದು ಸಂಜೆಯ ಮಾತಾಗುತ್ತದೆ. ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹೆಸರು, ಜಾಗ, ವರ್ಷ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಭಾಗಕ್ಕೆ ಮೂಡುತ್ತದೆ. ಅಂಟುಹಾಳೆಯ ಆಲ್ಬಮ್‌ಗಳಲ್ಲಿ ವರ್ಷ ಕಳೆದಂತೆ ಅಂಟು ಫೋಟೋವನ್ನೇ ಹಿಡಿದುಬಿಡುತ್ತದೆ, ಪಾಕೆಟ್ ಇರುವ ಆಲ್ಬಮ್ ವಾಸಿ. ಎಪ್ಪತ್ತು ಎಂಬತ್ತರ ದಶಕದ ಕಲರ್ ಪ್ರಿಂಟುಗಳು ಕೆಂಪಗಾಗಿರುವುದನ್ನು ನೋಡಿರುತ್ತೀರಿ. ಅವುಗಳ ನೀಲಿ-ಹಸಿರು ಬಣ್ಣ ಕತ್ತಲಲ್ಲಿಟ್ಟರೂ ಮಾಸುತ್ತದೆ. ಅದಕ್ಕಿಂತ ಹಳೆಯ ಕಪ್ಪು ಬಿಳುಪಿನವೇ ಗಟ್ಟಿಯಾಗಿರುತ್ತವೆ, ಅವುಗಳ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಹಾಗಾಗಿ ಸ್ಕ್ಯಾನ್ ಮಾಡಿಸಲು ಹೊರಟರೆ ಕಲರ್ ಫೋಟೋಗಳಿಂದ ಶುರು ಮಾಡಿ. ಎಲ್ಲರೂ ತಾತನ ಕಪ್ಪು ಬಿಳುಪು ಚಿತ್ರವನ್ನೇ ಮೊದಲು ಎತ್ತಿಕೊಳ್ಳುತ್ತಾರೆ.

ಡಿಜಿಟಲ್ ಪ್ರತಿಗಳು ಕನಿಷ್ಠ ಎರಡು ಬೇರೆ ಬೇರೆ ಕಡೆ ಇರಲಿ. ಒಂದು ಕ್ಲೌಡ್‌ನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ ಉಚಿತ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಅನ್ನುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮನೆಯ ಹಿರಿಯರು ಹೋದ ಮೇಲೆ ಅವರ ಫೋನನ್ನು ಬೀರುವಿನಲ್ಲಿಟ್ಟರೆ ಅದರ ಹಿಂದಿನ ಖಾತೆಗೂ ಇದೇ ಗತಿ ಆಗಬಹುದು. ಗೂಗಲ್‌ನಲ್ಲಿ 'ಇನಾಕ್ಟಿವ್ ಅಕೌಂಟ್ ಮ್ಯಾನೇಜರ್', ಆ್ಯಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಅನ್ನುವ ಸೆಟ್ಟಿಂಗ್ ಇದೆ. ನಿಮ್ಮ ನಂತರ ಯಾರಿಗೆ ಸಿಗಬೇಕು ಅಂತ ಅಲ್ಲಿ ಹೆಸರು ಕೊಡಬಹುದು. ಅಪ್ಪ ಅಮ್ಮನ ಫೋನಿನಲ್ಲಿ ಇದನ್ನು ನೀವೇ ಕೂತು ಮಾಡಿಕೊಡಬೇಕಾಗುತ್ತದೆ. ಮಾಡುವ ಮುಂಚೆ ಅವರ ಪಾಸ್‌ವರ್ಡ್ ಅವರಿಗೆ ನೆನಪಿದೆಯೇ ಕೇಳಿ, ಸಾಮಾನ್ಯವಾಗಿ ತಡ ಆಗುವುದು ಅಲ್ಲೇ.